ಅಕ್ಕಡಿ ಸಾಲಿನ ಲೆಕ್ಕ

ಆಷಾಢದ ಮಳೆಗೆ ತುಮಕೂರು ಸೀಮೆಯ ಕೆಂಪು ನೆಲ ಹದವಾಗಿದೆ. ಎತ್ತುಗಳ ಹಿಂದೆ ಕೂರಿಗೆ ರಾಗಿ ಬಿಡುತ್ತ ಸಾಗುತ್ತಿದೆ. ಮಡಿಲಲ್ಲಿ ಬೆರಕೆ ಬೀಜ ಕಟ್ಟಿಕೊಂಡ ಹೆಂಗಸು ಏಳೆಂಟು ಸಾಲಿಗೊಮ್ಮೆ ಅಕ್ಕಡಿ ಬಿಡುತ್ತಾಳೆ: ಅವರೆ, ತೊಗರಿ, ಅಲಸಂದೆ, ಜೋಳ, ಹುಚ್ಚೆಳ್ಳು. ಬದುವಿಗೆ ನಾಲ್ಕು ಹರಳು.

ಇಲ್ಲಿ ವರ್ಷಕ್ಕೆ ಬೀಳುವುದು 600ರಿಂದ 700 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಹೇಳಿದ ದಿನಕ್ಕೆ ಬಾರದು. ನಡುವೆ ಮಳೆ ಕೈಕೊಟ್ಟರೆ ಮೇಲುಮಣ್ಣಿನಲ್ಲೇ ಬೇರು ಹರಡಿದ ರಾಗಿ ಬಾಡುತ್ತದೆ, ಆಳಕ್ಕೆ ಇಳಿದ ತೊಗರಿ ತಡೆದುಕೊಳ್ಳುತ್ತದೆ. ಹಿಂಗಾರು ಹನಿದರೆ ಅವರೆ ಚಿಗುರುತ್ತದೆ. ಎಲ್ಲವೂ ಒಟ್ಟಿಗೆ ಕೈಬಿಡುವ ವರ್ಷ ಅಪರೂಪ.

ಅಡುಗೆಮನೆಯೂ ಹೊಲದ ಹಿಂದೆಯೇ ನಡೆಯುತ್ತದೆ. ಕಳೆ ಕೀಳುವಾಗ ಅಣ್ಣೆಸೊಪ್ಪು, ಕನ್ನೆಸೊಪ್ಪು, ಗೋಣಿಸೊಪ್ಪು ಮಡಿಲು ತುಂಬುತ್ತವೆ. ಯಾರೂ ಬಿತ್ತದ ಆ ಬೆರಕೆ ಸೊಪ್ಪು ರಾತ್ರಿ ಮುದ್ದೆಗೆ ಸಾರಾಗುತ್ತದೆ. ಕಾರ್ತಿಕ ಕಳೆದಂತೆ ರಾಗಿ ಕುಯ್ಲು. ಧನುರ್ಮಾಸದ ಚಳಿಗೆ ಸೊಗಡು ತುಂಬಿದ ಅವರೆಕಾಯಿ. ಆಮೇಲೆ ತೊಗರಿ. ಹುಚ್ಚೆಳ್ಳು ಗಾಣಕ್ಕೆ ಮತ್ತು ಚಟ್ನಿಪುಡಿಗೆ, ಹರಳೆಣ್ಣೆ ತಲೆಗೆ ಮತ್ತು ದೀಪಕ್ಕೆ. ಹುಲ್ಲು ದನಕ್ಕೆ, ದನದ ಗೊಬ್ಬರ ಮತ್ತೆ ಹೊಲಕ್ಕೆ. ಹುಳ ಅಷ್ಟಾಗಿ ಮುಟ್ಟದ ರಾಗಿ ಹಿಂದೆ ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿತ್ತು. ಮಳೆ ಇಲ್ಲದ ವರ್ಷವನ್ನು ಉಣ್ಣಿಸುತ್ತಿದ್ದುದು ಆ ಹಳೇ ರಾಗಿ.

ಹಾಗೆಂದು ಇದು ಸುಖದ ಬದುಕಾಗಿರಲಿಲ್ಲ. ಉಪ್ಪು, ಬಟ್ಟೆ, ಸೀಮೆಎಣ್ಣೆಗೆ ಕಾಸು ಬೇಕಿತ್ತು. ಮದುವೆ, ಕಾಯಿಲೆ ಬಂದರೆ ಸಾಲವೇ ಗತಿ. ಕಣದ ರಾಶಿಯಲ್ಲಿ ಕಮ್ಮಾರ, ಬಡಗಿಗೆ ಆಯದ ಪಾಲು ಸಲ್ಲುತ್ತಿತ್ತು. ತುಂಡು ನೆಲವೂ ಇಲ್ಲದೆ ಅದೇ ಹೊಲದಲ್ಲಿ ಕೂಲಿಗೆ ಬಗ್ಗಿದವರ ಮನೆಯಲ್ಲಿ ಹಗೇವೂ ಇರಲಿಲ್ಲ.

ಈಗ ಎಷ್ಟೋ ಹೊಲಗಳಲ್ಲಿ ಮುಸುಕಿನ ಜೋಳ ನಿಂತಿದೆ. ಇಳುವರಿ ಹೆಚ್ಚು, ಒಂದೇ ಸಲಕ್ಕೆ ದುಡ್ಡು ಕೈಗೆ ಬರುತ್ತದೆ. ಕಳೆನಾಶಕ ಬಿದ್ದ ಆ ನೆಲದಲ್ಲಿ ಅಣ್ಣೆಸೊಪ್ಪಿಲ್ಲ, ಅವರೆಗೆ ಜಾಗವಿಲ್ಲ. ಬೇಳೆ, ಎಣ್ಣೆ, ಸೊಪ್ಪು ಮೂರೂ ಸಂತೆಯಿಂದ ಬರಬೇಕು. ಮುಸುಕಿನ ಜೋಳದ ದರ ಕುಸಿದ ವರ್ಷ ಮೂರಕ್ಕೂ ಒಟ್ಟಿಗೇ ಕತ್ತರಿ.

ಎಕರೆಗೆ ಎಷ್ಟು ಕ್ವಿಂಟಲ್ ಎಂದು ಕೇಳುವವರಿಗೆ ಅಕ್ಕಡಿ ಜಾಗ ತಿನ್ನುವ ಸಾಲು. ಮನೆ ತೂಗಿಸುವವಳು ಎಣಿಸುವುದು ಬೇರೆ: ಮುಂದಿನ ಸುಗ್ಗಿಯವರೆಗೆ ಎಷ್ಟು ತಿಂಗಳು ಅಂಗಡಿಯ ಮುಂದೆ ಕೈಚಾಚದೆ ತಳ್ಳಬಹುದು? ಕಡಿಮೆಯಲ್ಲಿ ಬದುಕುವುದಕ್ಕೆ ಬೇಕಾದದ್ದು ಹಲವು ಬಗೆಯ ಕಡಿಮೆಗಳು. ಒಂದೇ ಬಗೆಯ ಹೆಚ್ಚಳವನ್ನು ನಂಬಿ ಆಕೆ ಒಲೆ ಹಚ್ಚಿದವಳಲ್ಲ.