ಕಿರಣದ ಕೆತ್ತನೆಯಲ್ಲಿ ಭಾವಚಿತ್ರ

ಷಷ್ಟ್ಯಬ್ದಿಯ ಸಮಾರಂಭದಲ್ಲಿ, ನಿವೃತ್ತಿಯ ಬೀಳ್ಕೊಡುಗೆಯಲ್ಲಿ, ಮದುವೆಮನೆಯ ಉಡುಗೊರೆಗಳ ರಾಶಿಯಲ್ಲಿ ಈಚೆಗೆ ನಮ್ಮ ಊರುಗಳಲ್ಲೆಲ್ಲ ಒಂದು ವಸ್ತು ಕಣ್ಣಿಗೆ ಬೀಳುತ್ತಿದೆ: ತಿಳಿಬಣ್ಣದ ಮರದ ಹಲಗೆ, ಅದರ ಮೇಲೆ ಕಂದುಛಾಯೆಯಲ್ಲಿ ಮೂಡಿದ ಪರಿಚಿತವಾದೊಂದು ಮುಖ. ಆ ಮುಖವನ್ನು ಬಣ್ಣದಿಂದ ಬರೆದಿಲ್ಲ, ಮಸಿಯಿಂದ ಅಚ್ಚೊತ್ತಿಲ್ಲ. ಲೇಸರ್ ಕಿರಣದಿಂದ ಮರವನ್ನೇ ಚುಕ್ಕೆಚುಕ್ಕೆಯಾಗಿ ಸುಟ್ಟು ಮೂಡಿಸಿದ್ದಾರೆ. ಯಂತ್ರದ ಕೆಲಸವೆಂದು ಇದನ್ನು ಲಘುವಾಗಿ ನೋಡುವವರುಂಟು. ಆದರೆ ಯಂತ್ರಕ್ಕೆ ಗೊತ್ತಿರುವುದು ಸುಡುವುದೆಂಬ ಒಂದೇ ಕ್ರಿಯೆ. ಎಲ್ಲಿ ಸುಡಬೇಕು, ಎಷ್ಟು ಸುಡಬೇಕು, ಎಲ್ಲಿ ಮರವನ್ನು ಅದರ ಪಾಡಿಗೆ ಬಿಡಬೇಕು ಎಂಬ ವಿವೇಕವೆಲ್ಲ ಕಿರಣ ಹೊರಡುವುದಕ್ಕೆ ಮುಂಚೆಯೇ ಮನುಷ್ಯನೊಬ್ಬನ ಮನಸ್ಸಿನಲ್ಲಿ ನಿಶ್ಚಯವಾಗಿರಬೇಕು. ಆ ಪೂರ್ವಸಿದ್ಧತೆಯಲ್ಲಿಯೇ ಈ ಕಲೆಯ ಜೀವವಿದೆಯೆಂದು ನಂಬಿರುವವನು ನಾನು. ಆದುದರಿಂದ ಈ ಪರಿಚಯದಲ್ಲಿ ಯಂತ್ರಕ್ಕಿಂತ ಸಿದ್ಧತೆಗೇ ಹೆಚ್ಚಿನ ಸ್ಥಳ ಸಲ್ಲತಕ್ಕದ್ದು.

ಚಿತ್ರಕ್ಕೂ ಮರಕ್ಕೂ ಇರುವ ನಂಟು ಹಳೆಯದು. 18ನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದ ಥಾಮಸ್ ಬ್ಯೂಯಿಕ್ ಎಂಬ ಕಲಾವಿದನು ಬಾಕ್ಸ್‌ವುಡ್ ಎಂಬ ಗಟ್ಟಿಮರದ ಅಡ್ಡಕೊಯ್ತದ ಮುಖದ ಮೇಲೆ ಸೂಕ್ಷ್ಮವಾದ ಉಳಿಗಳಿಂದ ಹಕ್ಕಿಗಳನ್ನೂ ಪ್ರಾಣಿಗಳನ್ನೂ ಕೆತ್ತಿ, ಪುಸ್ತಕಗಳಿಗೆ ಚಿತ್ರವೊದಗಿಸುವ ಮಾರ್ಗವನ್ನೇ ಹೊಸದು ಮಾಡಿದನು. ಛಾಯಾಚಿತ್ರಣ ಬಂದಮೇಲೆ, 1860ರ ದಶಕದ ಹೊತ್ತಿಗೆ, ಮರದ ಅಚ್ಚಿನ ಮೇಲೆಯೇ ಛಾಯಾಚಿತ್ರವನ್ನು ಮೂಡಿಸಿಕೊಂಡು ಅದರ ಗುರುತನ್ನು ಹಿಡಿದು ಕೆತ್ತುವ ಪದ್ಧತಿ ನಡೆದುಬಂತು. 1880ರಲ್ಲಿ ನ್ಯೂಯಾರ್ಕಿನ 'ಡೈಲಿ ಗ್ರಾಫಿಕ್' ಪತ್ರಿಕೆ ಛಾಯಾಚಿತ್ರವನ್ನು ಚುಕ್ಕೆಗಳಾಗಿ ಒಡೆದು ಅಚ್ಚುಹಾಕಿತು. ಹಾಫ್‌ಟೋನ್ ಎಂಬ ಈ ವಿಧಾನ ಬೆಳೆದಂತೆಲ್ಲ ಮರಗೆತ್ತನೆಯವರ ಉಳಿಗಳಿಗೆ ಕೆಲಸ ತಪ್ಪಿತು. ನಮ್ಮ ದೇಶದಲ್ಲಿ ಆ ವಿಧಾನವನ್ನು ಶಾಸ್ತ್ರೀಯವಾಗಿ ಅಭ್ಯಾಸಮಾಡಿ, ಅದಕ್ಕೆ ಹೊಸ ಸೂಕ್ಷ್ಮಗಳನ್ನು ಸೇರಿಸಿದವರಲ್ಲಿ ಅಗ್ರಗಣ್ಯರಾದವರು ಕಲ್ಕತ್ತೆಯ ಉಪೇಂದ್ರಕಿಶೋರ ರಾಯ್‌ಚೌಧುರಿಯವರು. ಕನ್ನಡದ ಮುದ್ರಣಾಲಯಗಳಲ್ಲಿ ಬಹುಕಾಲ 'ಬ್ಲಾಕು ಮಾಡಿಸುವುದು' ಎಂದು ಹೇಳುತ್ತಿದ್ದುದೂ ಈ ಚುಕ್ಕೆಯ ವಿದ್ಯೆಯನ್ನೇ. ಮರಗೆತ್ತನೆಯನ್ನು ಮೂಲೆಗೊತ್ತಿದ ಅದೇ ಚುಕ್ಕೆ ಈಗ ಕಿರಣದ ರೂಪದಲ್ಲಿ ಮತ್ತೆ ಮರವನ್ನು ಹುಡುಕಿಕೊಂಡು ಬಂದಿರುವುದು ನನಗೆ ಬಹಳ ಸಂತೋಷದ ಸಂಗತಿಯಾಗಿ ತೋರುತ್ತದೆ.

ಕಿರಣದ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. ಐನ್‌ಸ್ಟೈನರು 1917ರಲ್ಲಿ ಪ್ರತಿಪಾದಿಸಿದ ತತ್ತ್ವವನ್ನು ಆಧರಿಸಿ 1960ರಲ್ಲಿ ಥಿಯೊಡೋರ್ ಮೈಮನ್ ಮೊದಲನೆಯ ಲೇಸರನ್ನು ಬೆಳಗಿಸಿದರು. ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿ, ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ ಕುಮಾರ್ ಪಟೇಲರು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಇಂಗಾಲಾಮ್ಲ ಅನಿಲದ ಲೇಸರನ್ನು ಕಂಡುಹಿಡಿದರು. ಅದರ ಕಿರಣ ಕಣ್ಣಿಗೆ ಕಾಣದು, 10.6 ಮೈಕ್ರಾನ್ ತರಂಗದೈರ್ಘ್ಯದ ಆ ಉಷ್ಣವನ್ನು ಮರದ ನಾರು ತತ್‌ಕ್ಷಣವೇ ಹೀರಿಕೊಳ್ಳುತ್ತದೆ. ದೊಡ್ಡ ಕಾರ್ಯಾಗಾರಗಳಲ್ಲಿ ಗಾಜಿನ ಕೊಳವೆಯುಳ್ಳ ಈ ಯಂತ್ರವಿದ್ದರೆ, ಮನೆಯ ಮೇಜಿನ ಮೇಲೆ ಕೆಲಸ ನಡೆಸುವವರ ಬಳಿ ನೀಲಿಯ ಬೆಳಕು ಬೀರುವ ಡಯೋಡ್ ಯಂತ್ರವಿರುತ್ತದೆ. ಎರಡರಿಂದಲೂ ಒಳ್ಳೆಯ ಭಾವಚಿತ್ರ ಬರುತ್ತದೆ.

ಇನ್ನು ಮರ. ಕಾಗದದ ಬಿಳುಪು ಎಲ್ಲೆಡೆಯೂ ಒಂದೇ. ಮರದಲ್ಲಿ ಆ ಸಮತೆಯಿಲ್ಲ. ಅದಕ್ಕೆ ತನ್ನದೇ ಬಣ್ಣವುಂಟು, ಎಳೆಯುಂಟು, ಗಂಟುಂಟು. ಕಿರಣವು ಕಪ್ಪನ್ನು ಕೂಡಿಸಬಲ್ಲುದೇ ಹೊರತು ಬಿಳಿಯನ್ನು ಕೂಡಿಸಲಾರದು. ಚಿತ್ರದಲ್ಲಿ ಎಷ್ಟೇ ಬೆಳ್ಳಗಿರಬೇಕಾದ ಜಾಗವೂ ಬರಿಯ ಮರದ ಬಣ್ಣಕ್ಕಿಂತ ಹೆಚ್ಚು ಬೆಳಗಲಾರದು. ಈ ಒಂದು ನಿಯಮದಿಂದಲೇ ಮರದ ಆಯ್ಕೆ ಬಹುಮಟ್ಟಿಗೆ ತೀರ್ಮಾನವಾಗುತ್ತದೆ. ಬೀಟೆ ಎಷ್ಟು ಘನವಾದ ಮರವಾದರೂ ಅದರ ಕಪ್ಪುನೆಲದ ಮೇಲೆ ಮುಖದ ಛಾಯೆಗಳು ತೋರಲಾರವು. ತೇಗ ಎಣ್ಣೆಯುಳ್ಳ ಹೊಂಬಣ್ಣದ ಮರ, ಅಕ್ಷರಗಳಿಗೆ ಸೊಗಸು, ಮುಖಕ್ಕೆ ಅಷ್ಟು ಒಗ್ಗದು. ಪೈನ್ ಹಲಗೆಯಲ್ಲಿ ವಾರ್ಷಿಕ ಉಂಗುರದ ಮೆದುಭಾಗ ಬೇಗ ಸುಟ್ಟು, ಗಟ್ಟಿಭಾಗ ತಡೆದು ನಿಲ್ಲುವುದರಿಂದ, ಕೆನ್ನೆಯ ಮೇಲೆ ಅಡ್ಡಗೆರೆಗಳೆದ್ದು ಮುಖ ವಿಕಾರವಾಗುತ್ತದೆ. ಮೇಪಲ್, ಬಾಸ್‌ವುಡ್, ಬರ್ಚ್ ಪ್ಲೈವುಡ್ ಮುಂತಾದ ಸಮನಾದ ಎಳೆಯ ತಿಳಿಮರಗಳನ್ನು ಈ ಕೆಲಸದವರು ಹುಡುಕುವುದು ಇದಕ್ಕಾಗಿಯೇ. ನಮ್ಮಲ್ಲಿಯೇ ಚನ್ನಪಟ್ಟಣದ ಗೊಂಬೆಗಳಿಗೆ ಒದಗುವ ಹಾಲೆಮರವುಂಟು. ಅದರ ದಂತದಂಥ ಬಿಳುಪೂ ನುಣುಪೂ ಸಣ್ಣ ಭಾವಚಿತ್ರಕ್ಕೆ ಹೇಳಿಮಾಡಿಸಿದಂತಿವೆ. ಮೈಸೂರಿನ ಕುಂದಣಗಾರರು ಬೇರೆಬೇರೆ ಬಣ್ಣದ ಮರಗಳನ್ನು ಆಯ್ದು, ತುಂಡುಗಳಾಗಿ ಕೊಯ್ದು, ಬೀಟೆಯ ನೆಲದಲ್ಲಿ ಕೂಡಿಸಿ ಛಾಯಾಭೇದವನ್ನು ಸಾಧಿಸುತ್ತಾರೆ; ಇಲ್ಲಿಯವರು ಅದೇ ಭೇದವನ್ನು ಒಂದೇ ಮರದೊಳಗಿಂದ ತೆಗೆಯಬೇಕು.

ಹಲಗೆಯನ್ನು ಆರಿಸಿದ ಮೇಲೆ ಒರಟಾದ ಉಪ್ಪುಕಾಗದದಿಂದ ಮೊದಲುಮಾಡಿ ನಯವಾದುದರವರೆಗೆ, ಎಳೆಯ ದಿಕ್ಕನ್ನು ಅನುಸರಿಸಿ ಉಜ್ಜಿ, ರಂಧ್ರಗಳಲ್ಲಿ ನಿಂತ ಪುಡಿಯನ್ನೆಲ್ಲ ತೆಗೆಯಬೇಕು. ಕೆಲವರು ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ತೆಳುವಾಗಿ ಸವರಿ ಒಣಗಿಸುವುದುಂಟು. ಕ್ಷಾರದ ಸಂಪರ್ಕದಿಂದ ಮರ ಕಡಮೆ ಶಾಖಕ್ಕೇ ಗಾಢವಾಗಿ ಕಪ್ಪಾಗುತ್ತದೆ.

ಈಗ ಚಿತ್ರದ ಮಾತು. ಮೊಬೈಲಿನಿಂದ ಮೊಬೈಲಿಗೆ ಹಾದು ಸವೆದ ಪ್ರತಿಗಿಂತ, ಪೆಟ್ಟಿಗೆಯಲ್ಲಿಟ್ಟ ಹಳೆಯ ಮೂಲಪ್ರತಿಯನ್ನು ಸ್ಕ್ಯಾನ್ ಮಾಡಿಸಿಕೊಂಡರೆ ಫಲ ಎಷ್ಟೋ ಮೇಲು. ಹಿಂದಿನ ಸ್ಟುಡಿಯೋಗಳಲ್ಲಿ ಒಂದು ಪಕ್ಕದಿಂದ ದೀಪವಿಟ್ಟು ತೆಗೆದ ಚಿತ್ರಗಳಲ್ಲಿ ಮೂಗು, ಗಲ್ಲ, ಹುಬ್ಬುಗಳ ಏರಿಳಿತ ನೆರಳಿನಿಂದ ಸ್ಪಷ್ಟವಾಗಿರುವುದರಿಂದ ಅವು ಮರಕ್ಕೆ ಬಹಳ ಚೆನ್ನಾಗಿ ಇಳಿಯುತ್ತವೆ. ಎದುರಿನ ಫ್ಲಾಶಿನ ಬೆಳಕಿನಲ್ಲಿ ಚಪ್ಪಟೆಯಾದ ಮುಖ ಹಲಗೆಯ ಮೇಲೆಯೂ ಚಪ್ಪಟೆಯಾಗಿಯೇ ಉಳಿಯುತ್ತದೆ. ಬಣ್ಣವನ್ನು ತೆಗೆದು ಕಪ್ಪುಬಿಳುಪಿಗೆ ತರುವಾಗಲೂ ಜಾಗರೂಕತೆ ಬೇಕು. ಕೆಂಪಿನ ಪದರವನ್ನು ಮಾತ್ರ ಇಟ್ಟುಕೊಂಡರೆ ನಮ್ಮವರ ಕಂದುಮೈಬಣ್ಣ ತಿಳಿಯಾಗಿ ಹೊಳೆಯುತ್ತದೆ, ನಿಜ. ಆದರೆ ಹಣೆಯ ಕುಂಕುಮವೂ ಅದರೊಡನೆ ತಿಳಿಯಾಗಿ ಮಾಯವಾಗುತ್ತದೆ. ಹಸಿರಿನ ಪದರದಲ್ಲಿ ಕುಂಕುಮ ದಟ್ಟವಾಗಿ ನಿಲ್ಲುತ್ತದೆ. ಆದುದರಿಂದ ಬಲ್ಲವನು ಎರಡನ್ನೂ ಹದವರಿತು ಬೆರಸುತ್ತಾನೆ. ಅಜ್ಜಿಯ ಮುಖ ಎಷ್ಟೇ ತದ್ರೂಪವಾಗಿ ಬಂದರೂ ಹಣೆಯಲ್ಲಿ ಕುಂಕುಮ ಕಾಣದಿದ್ದರೆ ಮನೆಯವರ ಮನಸ್ಸು ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಹಿನ್ನೆಲೆಯ ಪ್ರಶ್ನೆಯೂ ಸುಲಭವಾದುದಲ್ಲ. ಕಪ್ಪು ಪರದೆಯ ಮುಂದೆ ಕಪ್ಪುಗೂದಲಿನವರು ಕುಳಿತ ಚಿತ್ರದಲ್ಲಿ ತಲೆಯ ಆಕಾರವೇ ಕತ್ತಲೆಯಲ್ಲಿ ಕರಗಿಹೋಗುತ್ತದೆ. ಹಿನ್ನೆಲೆಯನ್ನು ಪೂರ್ತಿ ಅಳಿಸಿ ಬರಿಯ ಮರವನ್ನು ಬಿಟ್ಟರೆ ಬಿಳಿಯ ಜುಬ್ಬ, ಬಿಳಿಯ ಪಂಚೆಗಳ ಅಂಚು ಎಲ್ಲಿ ಮುಗಿಯಿತೆಂಬುದೇ ತಿಳಿಯದು. ಬಟ್ಟೆಯ ಮಡಿಕೆಗಳಲ್ಲಿ ಇಷ್ಟು ಬೂದುಛಾಯೆಯನ್ನು ಉಳಿಸಿ, ಭುಜದ ಹೊರಗೆ ನೆರಳನ್ನು ಮೆಲ್ಲಗೆ ಮರದೊಳಕ್ಕೆ ಲೀನಗೊಳಿಸುವುದೇ ಉತ್ತಮವೆಂದು ನನ್ನ ಅಭಿಪ್ರಾಯ. ಅಂಚುಗಳನ್ನು ತೀಕ್ಷ್ಣಗೊಳಿಸುವ ಕ್ರಿಯೆಯೂ ಆವಶ್ಯಕವೇ, ಏಕೆಂದರೆ ಸುಟ್ಟ ಗುರುತು ಎಂದಿಗೂ ಸ್ವಲ್ಪ ಹರಡುತ್ತದೆ. ಆದರೆ ಅದು ಅತಿಯಾದರೆ ವೃದ್ಧರ ಮುಖದ ಸುಕ್ಕುಗಳು ಗಾಯಗಳಂತೆ ಕಾಣುತ್ತವೆ. ಪರದೆಯ ಮೇಲೆ ಹಿತವಾಗಿ ತೋರುವ ಚಿತ್ರ ಹಲಗೆಯ ಮೇಲೆ ಕತ್ತಲಾಗುವುದರಿಂದ, ಮಧ್ಯಮಛಾಯೆಗಳನ್ನು ಕಣ್ಣಿಗೆ ಸರಿಯೆನಿಸುವುದಕ್ಕಿಂತ ತುಸು ಹೆಚ್ಚಾಗಿಯೇ ಬೆಳಗಿಸಬೇಕಾಗುತ್ತದೆ.

ಬಳಿಕ ಚುಕ್ಕೆಗಳ ವಿಂಗಡಣೆ. ಕಿರಣದ ಬಲವನ್ನು ಏರಿಸಿ ಇಳಿಸಿ ನೂರಾರು ಛಾಯೆಗಳನ್ನು ಪಡೆಯಬಹುದಲ್ಲವೆ ಎಂದು ತೋರಬಹುದು. ಆದರೆ ಮರದ ಸ್ವಭಾವ ಅಷ್ಟು ವಿಧೇಯವಾದುದಲ್ಲ: ಒಂದು ಮಿತಿಯವರೆಗೆ ಏನೂ ಆಗದು, ಅದನ್ನು ದಾಟಿದೊಡನೆ ಕಂದಾಗುತ್ತದೆ, ಇನ್ನೂ ಬಲ ಹೆಚ್ಚಿದರೆ ಕಪ್ಪಾಗುವುದಕ್ಕೆ ಬದಲು ಗುಂಡಿ ಬೀಳುತ್ತದೆ. ಆದುದರಿಂದ ಪ್ರತಿಯೊಂದು ಬಿಂದುವನ್ನೂ ಸುಡು ಅಥವಾ ಬಿಡು ಎಂಬ ಎರಡೇ ಸ್ಥಿತಿಗಳಿಗೆ ಇಳಿಸುತ್ತಾರೆ. ಇದಕ್ಕೆ ಡಿದರಿಂಗ್ ಎಂದು ಹೆಸರು. ರಾಬರ್ಟ್ ಫ್ಲಾಯ್ಡ್ ಮತ್ತು ಲೂಯಿ ಸ್ಟೈನ್‌ಬರ್ಗ್ 1976ರಲ್ಲಿ ಪ್ರಕಟಿಸಿದ ಕ್ರಮವು ಇದರಲ್ಲಿ ಬಹು ಪ್ರಸಿದ್ಧವಾದುದು. ಬೂದುಬಣ್ಣದ ಬಿಂದುವೊಂದನ್ನು ಕಪ್ಪು ಅಥವಾ ಬಿಳಿ ಎಂದು ನಿರ್ಣಯಿಸಿದಾಗ ಉಳಿಯುವ ವ್ಯತ್ಯಾಸವನ್ನು, ದಿನಸಿ ಅಂಗಡಿಯವನು ಚಿಲ್ಲರೆಯಿಲ್ಲದೆ ಉಳಿದ ಬಾಕಿಯನ್ನು ಮುಂದಿನ ಲೆಕ್ಕಕ್ಕೆ ಸೇರಿಸುವಂತೆ, ನೆರೆಯ ಬಿಂದುಗಳಿಗೆ ಹಂಚಿಬಿಡುತ್ತಾರೆ: ಹದಿನಾರು ಪಾಲುಗಳಲ್ಲಿ ಬಲಗಡೆಗೆ 7, ಕೆಳಗೆ 5, ಕೆಳಗಿನ ಎಡಕ್ಕೆ 3, ಕೆಳಗಿನ ಬಲಕ್ಕೆ 1. ಅದೇ ವರ್ಷ ಪ್ರಕಟವಾದ ಜಾರ್ವಿಸ್ ಮೊದಲಾದವರ ಕ್ರಮ ಈ ವ್ಯತ್ಯಾಸವನ್ನು 12 ನೆರೆಬಿಂದುಗಳಿಗೆ ಹರಡುತ್ತದೆ. ಕೆನ್ನೆಯಂಥ ಮೃದುವಾದ ಛಾಯೆಗಳಿಗೆ ಅನೇಕರು ಅದನ್ನೇ ಮೆಚ್ಚುತ್ತಾರೆ.

ಚುಕ್ಕೆಗಳ ಸಾಂದ್ರತೆ ಕಿರಣದ ಮೊನೆಯ ದಪ್ಪವನ್ನು ಅವಲಂಬಿಸಿದೆ. ಸಾಲಿನಿಂದ ಸಾಲಿಗೆ 0.1 ಮಿಲಿಮೀಟರ್ ಅಂತರವಿಟ್ಟರೆ ಅಂಗುಲಕ್ಕೆ 254 ಚುಕ್ಕೆಗಳಾಗುತ್ತವೆ. ಮೊನೆಯೇ ಅದಕ್ಕಿಂತ ದಪ್ಪವಾಗಿದ್ದರೆ ಸಾಲುಗಳು ಒಂದರ ಮೇಲೊಂದು ಹತ್ತಿ ಚಿತ್ರವೆಲ್ಲ ಮಸಿಯಾಗುತ್ತದೆ. ಆದ್ದರಿಂದ ಕೆಲಸಕ್ಕೆ ಮೊದಲು ಅದೇ ಹಲಗೆಯ ತುಂಡೊಂದರ ಮೇಲೆ, ಬಲವನ್ನು ಒಂದು ದಿಕ್ಕಿಗೂ ವೇಗವನ್ನು ಇನ್ನೊಂದು ದಿಕ್ಕಿಗೂ ಹೆಚ್ಚಿಸುತ್ತ, ಸಣ್ಣ ಸಣ್ಣ ಚೌಕಗಳ ಪರೀಕ್ಷಾಪಟ್ಟಿಯನ್ನು ಸುಟ್ಟು ನೋಡುವುದು ಅವಶ್ಯಕರ್ತವ್ಯ. ಒಂದು ಮರದ ಲೆಕ್ಕ ಇನ್ನೊಂದಕ್ಕೆ ಸಲ್ಲದು. ಒಂದೇ ಜಾತಿಯ ಎರಡು ಹಲಗೆಗಳಲ್ಲಿಯೂ ಭೇದ ತೋರುವುದುಂಟು.

ಇಷ್ಟಾದ ಮೇಲೆ ಯಂತ್ರದ ಸರದಿ. 6 ಅಂಗುಲ ಅಗಲ, 8 ಅಂಗುಲ ಎತ್ತರದ ಚಿತ್ರದಲ್ಲಿ ಮೇಲೆ ಹೇಳಿದ ಸಾಂದ್ರತೆಗೆ ಸುಮಾರು 31 ಲಕ್ಷ ಬಿಂದುಗಳು, 2032 ಸಾಲುಗಳು. ನಿಮಿಷಕ್ಕೆ 3000 ಮಿಲಿಮೀಟರ್ ವೇಗದ ಮೇಜಿನ ಯಂತ್ರಕ್ಕೆ ಇದು ಎರಡು ಗಂಟೆಯಷ್ಟು ಹೊತ್ತಿನ ದುಡಿಮೆ. ಅಷ್ಟು ಹೊತ್ತೂ ಒಬ್ಬರು ಬಳಿಯಲ್ಲಿಯೇ ಇರತಕ್ಕದ್ದು. ಒಣಮರ, ಕೇಂದ್ರೀಕೃತವಾದ ಉಷ್ಣ ಇವೆರಡೂ ಕೂಡಿದ ಕಡೆ ಬೆಂಕಿ ಹೊತ್ತಲು ಕ್ಷಣ ಸಾಕು. ಆ ಕಿರಣದ ಬಣ್ಣಕ್ಕೆ ತಕ್ಕ ಕನ್ನಡಕವಿಲ್ಲದೆ ನೋಡಬಾರದು, ಪ್ಲೈವುಡ್ಡಿನ ಅಂಟು ಸುಟ್ಟ ಹೊಗೆಯನ್ನು ಕೋಣೆಯೊಳಗೆ ನಿಲ್ಲಗೊಡಬಾರದು.

ಕೆತ್ತನೆ ಮುಗಿದ ಹಲಗೆಯ ಮೇಲೆ ಮೃದುವಾದ ಕುಂಚವಾಡಿಸಿ ಮಸಿಪುಡಿಯನ್ನು ತೆಗೆಯುತ್ತಾರೆ. ಬಟ್ಟೆಯಿಂದ ಉಜ್ಜಿದರೆ ಕಪ್ಪು ಬಿಳಿಯ ಭಾಗಗಳಿಗೆ ಮೆತ್ತಿಕೊಳ್ಳುತ್ತದೆ. ಎಣ್ಣೆಯ ಲೇಪ ಮರಕ್ಕೆ ಕಾಂತಿ ಕೊಟ್ಟರೂ ನೆಲದ ಬಣ್ಣವನ್ನು ಗಾಢಮಾಡಿ ಮುಖದ ಬೆಳಕನ್ನು ತಗ್ಗಿಸುವುದರಿಂದ, ಬಣ್ಣವಿಲ್ಲದ ತೆಳುವಾದ ಲ್ಯಾಕರನ್ನು ಸಿಂಪಡಿಸುವುದು ವಾಸಿ. ಕಿಟಕಿಯ ಎದುರಿನ ಗೋಡೆಗೆ ಇದನ್ನು ತೂಗುಹಾಕಬಾರದು. ನೇರವಾದ ಬಿಸಿಲಿನಲ್ಲಿ ತಿಳಿಮರ ಹಳದಿಯಾಗುತ್ತದೆ, ತೆಳುಗಂದು ಛಾಯೆಗಳು ಮಾಸುತ್ತವೆ, ಮೊದಲಿಗೆ ಮಾಯವಾಗುವುದು ಕೆನ್ನೆಯ ಮೇಲಿನ ನೆರಳು. ನೋಡುವವರು ಮೂರು ನಾಲ್ಕು ಅಡಿ ದೂರದಲ್ಲಿ ನಿಲ್ಲುವಂಥ ಸ್ಥಳವನ್ನು ಆರಿಸಿದರೆ ಚುಕ್ಕೆಗಳು ಒಂದರೊಳಗೊಂದು ಬೆರೆತು ಮುಖ ತುಂಬಿ ಕಾಣುತ್ತದೆ.