ಯಶಸ್ಸಿನ ತತ್ವದ ಮೂಲವೂ 'ನಂಬಿಕೆ' ಎಂಬ ಪದವೂ

ವೈಯಕ್ತಿಕ ಯಶಸ್ಸನ್ನು ಬೋಧಿಸುವ ಗ್ರಂಥಗಳ ಪೈಕಿ ನೆಪೋಲಿಯನ್ ಹಿಲ್ ಅವರ 'ಥಿಂಕ್ ಆ್ಯಂಡ್ ಗ್ರೋ ರಿಚ್' (1937) ಅತ್ಯಂತ ಪ್ರಸಿದ್ಧವಾದವುಗಳಲ್ಲೊಂದು. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರು 1908ರಲ್ಲಿ ಯಶಸ್ಸಿನ ಸೂತ್ರವನ್ನು ಲೋಕಕ್ಕೆ ತಿಳಿಸುವ ಹೊಣೆಯನ್ನು ತಮಗೆ ಒಪ್ಪಿಸಿದರೆಂದು ಹಿಲ್ ಹೇಳಿಕೊಂಡರು. ಕಾರ್ನೆಗಿಯವರು 1919ರಲ್ಲಿಯೇ ತೀರಿಕೊಂಡಿದ್ದರು. ಆ ಭೇಟಿಗೆ ಹಿಲ್ ಅವರ ಮಾತನ್ನು ಬಿಟ್ಟರೆ ಬೇರೆ ಆಧಾರ ದೊರೆತಿಲ್ಲ. ಕಥೆ ನಿಜವೆಂದೇ ಇಟ್ಟುಕೊಂಡರೂ ಈ ತತ್ವದ ಮೂಲವನ್ನು ಉಕ್ಕಿನ ಕಾರ್ಖಾನೆಯಲ್ಲಿ ಹುಡುಕುವುದು ವ್ಯರ್ಥ. ಅದು ಹುಟ್ಟಿದ್ದು ರೋಗಿಗಳ ಮಗ್ಗುಲಲ್ಲಿ.

ಅಮೆರಿಕದ ಮೇನ್ ರಾಜ್ಯದ ಬೆಲ್‌ಫಾಸ್ಟ್ ಪಟ್ಟಣದಲ್ಲಿ ಫಿನಿಯಸ್ ಕ್ವಿಂಬಿ (1802–1866) ಗಡಿಯಾರ ತಯಾರಕರಾಗಿದ್ದರು. ಮೆಸ್ಮರಿಸಂ ಎಂಬ ಸಮ್ಮೋಹನವಿದ್ಯೆಗೆ ಮನಸೋತ ಅವರು ಲೂಸಿಯಸ್ ಬರ್ಕ್‌ಮಾರ್ ಎಂಬ ತರುಣನನ್ನು ಸಮ್ಮೋಹನಕ್ಕೊಳಪಡಿಸಿ ಅವನ ಬಾಯಿಂದ ರೋಗನಿದಾನ ಹೇಳಿಸುತ್ತಿದ್ದರು. ಅವನು ಸೂಚಿಸಿದ ಅಗ್ಗದ ಮದ್ದಿನಿಂದಲೂ ರೋಗಿಗಳು ಚೇತರಿಸಿಕೊಳ್ಳುವುದನ್ನು ಕಂಡಾಗ, ಗುಣಪಡಿಸುವುದು ಮದ್ದಲ್ಲ, ಮದ್ದಿನ ಮೇಲಿನ ವಿಶ್ವಾಸ ಎಂಬ ತೀರ್ಮಾನಕ್ಕೆ ಬಂದರು. ಮುಂದೆ ಸಮ್ಮೋಹನವನ್ನೂ ಕೈಬಿಟ್ಟು, ರೋಗಿಯ ಪಕ್ಕದಲ್ಲಿ ಕುಳಿತು ಮಾತಿನಿಂದಲೇ ಚಿಕಿತ್ಸೆ ನಡೆಸಿದರು. ರೋಗವೆಂಬುದು ತಪ್ಪು ನಂಬಿಕೆ, ಅದನ್ನು ತಿದ್ದಿದರೆ ದೇಹವೂ ಸರಿಹೋಗುವುದು ಎಂಬುದು ಅವರ ಬೋಧನೆ. ಆ ತಪ್ಪು ನಂಬಿಕೆಯನ್ನು ಬಿತ್ತಿದವರು ವೈದ್ಯರು ಮತ್ತು ಪಾದ್ರಿಗಳೆಂದು ಅವರು ದೂರಿದರು. ನರಕಭಯವನ್ನೇ ದಿನನಿತ್ಯದ ಆಹಾರವಾಗಿ ಬಡಿಸಿದ ಪ್ರಸಂಗಪೀಠಗಳನ್ನು ನೆನೆದರೆ ಈ ದೂರನ್ನು ಪೂರ್ತಿಯಾಗಿ ತಳ್ಳಿಹಾಕಲಾಗದು. ಆದರೆ ಕ್ವಿಂಬಿ ಯೇಸುವನ್ನೂ ಕ್ರಿಸ್ತನನ್ನೂ ಬೇರ್ಪಡಿಸಿದರು: ಯೇಸು ಒಬ್ಬ ಮನುಷ್ಯ; ಕ್ರಿಸ್ತನೆಂಬುದು ಆತನು ಅರಿತಿದ್ದ ವಿಜ್ಞಾನ. ವ್ಯಕ್ತಿಯ ಸ್ಥಾನದಲ್ಲಿ ತತ್ವ ನಿಂತ ಮೇಲೆ ಅದನ್ನು ಯಾರು ಬೇಕಾದರೂ, ಯಾವ ಉದ್ದೇಶಕ್ಕಾದರೂ ಬಳಸಬಹುದಾಯಿತು.

ಬಳಸಿದರು ಕೂಡ. ಮೆಥೊಡಿಸ್ಟ್ ಬೋಧಕರಾಗಿದ್ದ ವಾರನ್ ಫೆಲ್ಟ್ ಇವಾನ್ಸ್ ಕ್ವಿಂಬಿಯವರನ್ನು ಕಂಡು ಬಂದು, 1869ರಲ್ಲಿ 'ದ ಮೆಂಟಲ್ ಕ್ಯೂರ್' ಬರೆದರು. ಈ ಆಂದೋಲನಕ್ಕೆ ಮುಂದೆ 'ನ್ಯೂ ಥಾಟ್' ಎಂಬ ಹೆಸರಾಯಿತು. ರೋಗವು ತಪ್ಪು ಆಲೋಚನೆಯ ಫಲವಾದರೆ ಬಡತನವೂ ಹಾಗೆಯೇ ಅಲ್ಲವೇ? 1910ರಲ್ಲಿ ವಾಲೆಸ್ ವಾಟಲ್ಸ್ ಧನವಂತರಾಗುವುದನ್ನು ಗಣಿತದಂತೆ ನಿಖರವಾದ ಶಾಸ್ತ್ರವೆಂದೇ ಸಾರಿದರು.

ಇದೇ ಬಳಗದವರಿಗೆ ಪ್ರಿಯವಾದ ಶಾಸ್ತ್ರಾಧಾರ ಜ್ಞಾನೋಕ್ತಿ 23:7. ಇಂಗ್ಲೆಂಡಿನ ಜೇಮ್ಸ್ ಅಲನ್ 1903ರ ತಮ್ಮ ಕಿರುಹೊತ್ತಗೆಗೆ 'ಆ್ಯಸ್ ಎ ಮ್ಯಾನ್ ಥಿಂಕೆತ್' ಎಂಬ ಹೆಸರನ್ನು ಆರಿಸಿದ್ದು ಕಿಂಗ್ ಜೇಮ್ಸ್ ಭಾಷಾಂತರದ ಈ ವಚನದಿಂದ. ಮನುಷ್ಯನು ಆಲೋಚಿಸಿದಂತೆಯೇ ಆಗುತ್ತಾನೆ ಎಂದು ಅವರು ಅದನ್ನು ಗ್ರಹಿಸಿದರು. 6ರಿಂದ 8ನೆಯ ವಚನದವರೆಗೆ ಒಟ್ಟಾಗಿ ಓದಿದರೆ ಅಲ್ಲಿರುವುದು ಜಿಪುಣನ ಮನೆಯ ಊಟ! ಬಾಯಲ್ಲಿ ಉಪಚಾರ, ಮನದಲ್ಲಿ ತುತ್ತಿನ ಲೆಕ್ಕ. ಅಂಥವನ ಪಂಕ್ತಿಯಲ್ಲಿ ಕುಳಿತರೆ ಉಂಡದ್ದನ್ನು ಕಕ್ಕಬೇಕಾದೀತೆಂದು ಜ್ಞಾನಿಯು ಎಚ್ಚರಿಸುತ್ತಾನೆ. 'ಆಲೋಚಿಸು' ಎಂದು ಭಾಷಾಂತರಗೊಂಡ ಹೀಬ್ರೂ ಕ್ರಿಯಾಪದ ಬಹು ವಿರಳವಾದುದು; 'ಲೆಕ್ಕ ಹಾಕು' ಎಂಬುದು ಅದಕ್ಕೆ ಒಪ್ಪುವ ಅರ್ಥ. ಸೆಪ್ಟುಅಜಿಂತ್ ಎಂಬ ಪುರಾತನ ಗ್ರೀಕ್ ಭಾಷಾಂತರವು ಅವೇ ಅಕ್ಷರಗಳನ್ನು 'ಕೂದಲು' ಎಂದು ಓದಿ, ಕೂದಲು ನುಂಗಿದವನ ಹೋಲಿಕೆಯನ್ನು ಕೊಡುತ್ತದೆ. ಯಾವ ಪಾಠವನ್ನು ಹಿಡಿದರೂ, ಆಲೋಚನೆಯಿಂದ ಭಾಗ್ಯವನ್ನು ಕಟ್ಟಿಕೊಳ್ಳುವ ಉಪದೇಶ ಅಲ್ಲಿಲ್ಲ.

ಹಿಲ್ ಅವರ ಕೈಯಲ್ಲಿ ನಂಬಿಕೆಯು ಐಶ್ವರ್ಯದ ದಾರಿಯ ಎರಡನೆಯ ಮೆಟ್ಟಿಲಾಯಿತು. ತನಗೆ ತಾನೇ ಪದೇ ಪದೇ ಹೇಳಿಕೊಳ್ಳುವುದರಿಂದ ಅದನ್ನು ಮನಸ್ಸಿನಲ್ಲಿ ಉಂಟುಮಾಡಬಹುದೆಂದು ಅವರು ಕಲಿಸಿದರು. ಯಾರಲ್ಲಿ ನಂಬಿಕೆ ಎಂಬ ಪ್ರಶ್ನೆ ಹಿಂದೆ ಸರಿಯಿತು. ನ್ಯೂಯಾರ್ಕಿನ ಮಾರ್ಬಲ್ ಕಾಲೇಜಿಯೇಟ್ ಸಭೆಯ ಪಾಲಕರಾದ ನಾರ್ಮನ್ ವಿನ್ಸೆಂಟ್ ಪೀಲ್ 1952ರಲ್ಲಿ 'ದ ಪವರ್ ಆಫ್ ಪಾಸಿಟಿವ್ ಥಿಂಕಿಂಗ್' ಪ್ರಕಟಿಸಿದಾಗ, ಸಭೆಯ ಹೊರಗೆ ಬೆಳೆದ ಈ ವಿಚಾರ ಪ್ರಸಂಗಪೀಠವನ್ನೇರಿತು. ಇಂದು ನಮ್ಮ ಪ್ರಸಂಗಗಳಲ್ಲಿಯೂ ಮಾರ್ಕ 11:23-24ನ್ನು ಇದೇ ಧಾಟಿಯಲ್ಲಿ ವಿವರಿಸುವವರುಂಟು. ನಂಬಿಕೆಯನ್ನು ದೇವರಲ್ಲಿ ಇಡಬೇಕೆನ್ನುವ 22ನೆಯ ವಚನವನ್ನು ಅವರು ಓದದೆಯೇ ಮುಂದೆ ಸಾಗುತ್ತಾರೆ.

ಇದರ ಭಾರ ಬೀಳುವುದು ಗುಣವಾಗದ ರೋಗಿಯ ಮೇಲೆ, ಸಾಲ ತೀರದ ಕುಟುಂಬದ ಮೇಲೆ. ನಿಮ್ಮ ನಂಬಿಕೆ ಸಾಲದು ಎಂಬ ಮಾತನ್ನು ಪ್ರಾರ್ಥನೆಗೆ ಬಂದವರೇ ಆಡಿಹೋಗುತ್ತಾರೆ. ಯಾವ ಅಪರಾಧಭಾವದಿಂದ ಕ್ವಿಂಬಿ ತಮ್ಮ ರೋಗಿಗಳನ್ನು ಬಿಡಿಸಲು ಹೊರಟರೋ ಅದೇ ಭಾವ ಅವರ ಬೋಧನೆಯ ಸಂತಾನದಿಂದಲೇ ಮರಳಿ ಬಂದಿದೆ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಪಾಪ ಯಾರದೆಂದು ಕೇಳಿದಾಗ ಸ್ವಾಮಿಯು ಆ ಪ್ರಶ್ನೆಯನ್ನೇ ಒಪ್ಪಲಿಲ್ಲ (ಯೋಹಾನ 9:3). ಪೌಲನ ಶರೀರದ ಮುಳ್ಳು ಮೂರು ಸಾರಿ ಬೇಡಿಕೊಂಡರೂ ತೊಲಗಲಿಲ್ಲ. ರೋಗಿಯ ಮನೆಗೆ ಹೋಗುವ ಪಾಲಕನು 88ನೆಯ ಕೀರ್ತನೆಯನ್ನು ಓದಲು ಅಂಜಬೇಕಾಗಿಲ್ಲ. ಅದರಲ್ಲಿ ಉತ್ತರ ದೊರೆತ ಸುದ್ದಿಯಿಲ್ಲ. ಹೀಬ್ರೂ ಮೂಲದಲ್ಲಿ ಅದರ ಕೊನೆಯ ಪದ 'ಕತ್ತಲೆ'. ಆದರೂ ಅದು ಮೊದಲಿಂದ ಕಡೆಯವರೆಗೆ ದೇವರನ್ನೇ ಉದ್ದೇಶಿಸಿ ಆಡಿದ ಮಾತು.