ಮಾದರಿ ಯಂತ್ರ ಹೊಲಕ್ಕಿಳಿಯುವ ಮುನ್ನ

ಕೊಯ್ಲು ಯಂತ್ರವನ್ನು ಕಾರ್ಖಾನೆಯ ನಾಲ್ಕು ಗೋಡೆಗಳ ನಡುವೆ ಪೂರ್ಣವಾಗಿ ಪರೀಕ್ಷಿಸಲಾಗದು. ಬೆಳೆ ನಿಂತ ಹೊಲದಲ್ಲಿ, ಸುಗ್ಗಿಯ ಕೆಲವೇ ವಾರಗಳಲ್ಲಿ, ಊರವರ ಕಣ್ಣೆದುರಿಗೇ ಪರೀಕ್ಷೆ ನಡೆಯಬೇಕು. ನೋಡಲು ನೆರೆದವರಲ್ಲಿ ಮತ್ತೊಂದು ವರ್ಕ್‌ಶಾಪಿನ ಮಾಲೀಕರೂ ಇರಬಹುದು. ಮುಂದಿನ ಸುಗ್ಗಿಯ ವೇಳೆಗೆ ಅದೇ ಮಾರ್ಪಾಡು ಅವರ ಯಂತ್ರದಲ್ಲಿ ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಕೃಷಿ ಯಂತ್ರಗಳ ಸಣ್ಣ ತಯಾರಕರು ಎದುರಿಸುವ ಈ ಅಪಾಯಕ್ಕೆ ಪರಿಹಾರವೇನು? ಆಸ್ಟ್ರೇಲಿಯಾದ ಒಂದು ಹಳೆಯ ಉದಾಹರಣೆ ಇಲ್ಲಿ ಉಪಯುಕ್ತವಾಗಿದೆ.

ಸೀಮೆಎಣ್ಣೆ ಡಬ್ಬದಿಂದ ಕಾರ್ಖಾನೆಯವರೆಗೆ

ದಕ್ಷಿಣ ಆಸ್ಟ್ರೇಲಿಯಾದಲ್ಲಿ 1843ರಲ್ಲಿ ಬಳಕೆಗೆ ಬಂದ ರಿಡ್ಲಿಯವರ ಸ್ಟ್ರಿಪ್ಪರ್ ಯಂತ್ರವು ಗೋಧಿಯ ತೆನೆಗಳನ್ನು ಕಿತ್ತು ಬಡಿಯುತ್ತಿತ್ತು. ತೂರುವ ಕೆಲಸ ಮಾತ್ರ ಬೇರೆಯಾಗಿಯೇ ಉಳಿದಿತ್ತು. ವಿಕ್ಟೋರಿಯಾ ಪ್ರಾಂತ್ಯದ ರೈತನ ಮಗ ಹ್ಯೂ ವಿಕ್ಟರ್ ಮೆಕ್ಕೆ ತಮ್ಮ ತಂದೆ ಮತ್ತು ಸಹೋದರನ ನೆರವಿನಿಂದ, ಹಳೆಯ ಯಂತ್ರಗಳ ಬಿಡಿಭಾಗ ಹಾಗೂ ಸೀಮೆಎಣ್ಣೆ ಡಬ್ಬಗಳ ತಗಡನ್ನು ಬಳಸಿ, ಎರಡೂ ಕೆಲಸವನ್ನು ಒಟ್ಟಿಗೆ ಮಾಡುವ ಮಾದರಿ ಯಂತ್ರವನ್ನು 1884ರಲ್ಲಿ ಸಿದ್ಧಪಡಿಸಿದರು. ಆಗ ಅವರ ವಯಸ್ಸು 18. 1890ರ ದಶಕದ ಬ್ಯಾಂಕ್ ಕುಸಿತದಲ್ಲಿ ಅವರ ಮೊದಲ ಕಂಪನಿ ಮುಳುಗಿತು. ಆದರೂ ಎದೆಗುಂದದೆ ಅವರು ವ್ಯವಹಾರವನ್ನು ಮತ್ತೆ ಕಟ್ಟಿದರು; ‘ಸನ್‌ಶೈನ್’ ಹೆಸರಿನ ಅವರ ಯಂತ್ರಗಳು ಹೊರದೇಶಗಳಿಗೂ ರಫ್ತಾದವು.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು ಮುಂದಿನ ಘಟ್ಟ. ನ್ಯೂ ಸೌತ್ ವೇಲ್ಸ್‌ನ ಹೆಂಟಿ ಎಂಬ ಊರಿನ ಬಳಿಯ ರೈತ ಹೆಡ್ಲಿ ಟೇಲರ್, ತೆನೆಯನ್ನು ಕೀಳುವ ಬದಲು ಕತ್ತರಿಸಿ ಒಳಕ್ಕೆ ಸಾಗಿಸುವ ‘ಹೆಡರ್’ ಯಂತ್ರವನ್ನು ತಮ್ಮ ಹೊಲಮನೆಯಲ್ಲೇ ರೂಪಿಸಿ ಪೇಟೆಂಟ್ ಪಡೆದರು. ಬೃಹತ್ ಕಾರ್ಖಾನೆಯ ಒಡೆಯರಾಗಿದ್ದ ಮೆಕ್ಕೆ 1916ರಲ್ಲಿ ಆ ಹಕ್ಕುಗಳನ್ನು ಖರೀದಿಸಿದ್ದಲ್ಲದೆ, ಟೇಲರ್ ಅವರನ್ನೇ ತಯಾರಿಕೆಯ ಉಸ್ತುವಾರಿಗೆ ನೇಮಿಸಿಕೊಂಡರು. 1920ರಲ್ಲಿ ಬಿರುಗಾಳಿಗೆ ಸಿಕ್ಕಿ ನೆಲಕಚ್ಚಿದ ಬೆಳೆಯನ್ನೂ ಎತ್ತಿ ಕೊಯ್ಯಬಲ್ಲ ಈ ಯಂತ್ರದ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. 1924ರಲ್ಲಿ ಸ್ವಯಂಚಾಲಿತ ‘ಆಟೋ ಹೆಡರ್’ ಹೊರಬಂದಿತು. ಟೇಲರ್ ಅವರಿಗೆ ಕಾರ್ಖಾನೆ ಇರಲಿಲ್ಲ, ಮಾರಲು ಹಕ್ಕುಪತ್ರವಿತ್ತು.

ನಮ್ಮ ಕಾಯ್ದೆ ಏನು ಹೇಳುತ್ತದೆ?

ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳಲ್ಲಿ ಕಂಬೈನ್ ಈಗ ಸಾಮಾನ್ಯ ದೃಶ್ಯ. ಇಂತಹ ಯಂತ್ರಗಳನ್ನು ಮಾರ್ಪಡಿಸುವವರು ಭಾರತದ 1970ರ ಪೇಟೆಂಟ್ ಕಾಯ್ದೆಯ ಮೂರು ಅಂಶಗಳನ್ನು ಗಮನದಲ್ಲಿಡಬೇಕು.

ಒಂದು, ತಿಳಿದಿರುವ ಸಾಧನಗಳನ್ನು ಕೇವಲ ಜೋಡಿಸಿ, ಪ್ರತಿಯೊಂದೂ ತನ್ನ ಹಳೆಯ ಕೆಲಸವನ್ನೇ ಸ್ವತಂತ್ರವಾಗಿ ಮಾಡುತ್ತಿದ್ದರೆ, ಕಲಂ 3(ಎಫ್) ಪ್ರಕಾರ ಅದು ಆವಿಷ್ಕಾರವಲ್ಲ. ಜೋಡಣೆಯಿಂದ ಹೊಸ ಪರಿಣಾಮ ದೊರೆಯಬೇಕು.

ಎರಡು, ಬಹಿರಂಗವಾಗಿ ಬಳಸಿದ ಮೇಲೆ ಸಾಮಾನ್ಯವಾಗಿ ಹೊಸತನದ ಹಕ್ಕು ಉಳಿಯದು. ಆದರೆ ಬಹಿರಂಗವಾಗಿಯೇ ಪರೀಕ್ಷಿಸಬೇಕಾದ ಸ್ವರೂಪದ ಆವಿಷ್ಕಾರಕ್ಕೆ ಕಲಂ 32 ರಿಯಾಯಿತಿ ನೀಡುತ್ತದೆ: ಅರ್ಜಿಯ ಆದ್ಯತಾ ದಿನಾಂಕಕ್ಕೆ ಮುಂಚಿನ ಒಂದು ವರ್ಷದೊಳಗೆ, ಸಮಂಜಸ ಪರೀಕ್ಷೆಗಾಗಿ ಮಾತ್ರ ನಡೆಸಿದ ಬಳಕೆ ಹಕ್ಕಿಗೆ ಬಾಧಕವಲ್ಲ. ಬಾಡಿಗೆಗೆ ಓಡಿಸಿ ಹಣ ಪಡೆದಿದ್ದರೆ ‘ಪರೀಕ್ಷೆಗಾಗಿ ಮಾತ್ರ’ ಎಂದು ವಾದಿಸುವುದು ಕಷ್ಟ.

ಮೂರು, ಈ ರಿಯಾಯಿತಿಯನ್ನೇ ನಂಬಿ ಕೂರುವುದಕ್ಕಿಂತ ಹೊಲಕ್ಕಿಳಿಯುವ ಮುನ್ನವೇ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸುವುದು ಕ್ಷೇಮ. ಪೂರ್ಣ ವಿವರಣೆಗೆ 12 ತಿಂಗಳ ಕಾಲಾವಕಾಶವಿದೆ. ಆ ಅವಧಿಯಲ್ಲಿ ಒಂದು ಸುಗ್ಗಿಯಾದರೂ ಸಿಕ್ಕೀತು.

ಲೆಕ್ಕದ ಪುಸ್ತಕದಲ್ಲಿ

ಮಾದರಿ ಯಂತ್ರಕ್ಕೆ ಕೊಂಡ ಕಬ್ಬಿಣ, ಬೇರಿಂಗ್, ಬೆಲ್ಟ್, ಕೂಲಿ, ಡೀಸೆಲ್ ಎಲ್ಲವೂ ಕಾರ್ಖಾನೆಯ ಸಾಮಾನ್ಯ ಖರ್ಚಿನಲ್ಲಿ ಸೇರಿಹೋಗುವುದನ್ನು ಲೆಕ್ಕ ಪರಿಶೋಧಕರು ಆಗಾಗ್ಗೆ ಕಾಣುತ್ತಾರೆ. ಹೀಗಾದಾಗ ಹಕ್ಕನ್ನು ಕೊಳ್ಳಲು ಬಂದವರಿಗೆ ಬೆಲೆ ಹೇಳಲು ಆಧಾರವೇ ಇರುವುದಿಲ್ಲ. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚ ಆಯಾ ವರ್ಷದ ಖರ್ಚು. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯಾಗಿ ತೋರಿಸಲು ತಾಂತ್ರಿಕ ಸಾಧ್ಯತೆ, ಮುಂದಿನ ಆದಾಯ, ಸಂಪನ್ಮೂಲ, ವೆಚ್ಚದ ಖಚಿತ ಅಳತೆ ಮುಂತಾದವನ್ನು ರುಜುವಾತುಪಡಿಸಬೇಕು. ಒಮ್ಮೆ ಖರ್ಚೆಂದು ಬರೆದದ್ದನ್ನು ಯಂತ್ರ ಯಶಸ್ವಿಯಾದ ಮೇಲೆ ಆಸ್ತಿಗೆ ವರ್ಗಾಯಿಸಲು ಬರುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ಪ್ರತ್ಯೇಕ ಖಾತೆ ತೆರೆಯಬೇಕು.

ಹಳೆಯ ಯಂತ್ರದ ಮಾಲೀಕರಿಗೂ ಒಂದು ಮಾತು. ಸವೆದ ಬ್ಲೇಡ್ ಬದಲಿಸುವುದು ದುರಸ್ತಿ. ಚಕ್ರದ ಯಂತ್ರವನ್ನು ಕೆಸರುಗದ್ದೆಗಾಗಿ ಸರಪಳಿ ಪಟ್ಟಿಗೆ ಪರಿವರ್ತಿಸುವುದು ದುರಸ್ತಿಯಲ್ಲ. ಇರುವ ಆಸ್ತಿಯನ್ನು ಕಾಪಾಡುವುದಷ್ಟೇ ಚಾಲ್ತಿ ದುರಸ್ತಿ, ಹೊಸ ಅನುಕೂಲ ತರುವುದು ಅಲ್ಲ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ 2007ರಲ್ಲಿ ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಖಾತೆಯ ಜೊತೆಗೆ ಒಂದು ಪರೀಕ್ಷಾ ದಿನಚರಿಯೂ ಇರಲಿ. ದಿನಾಂಕ, ಹೊಲ, ಬೆಳೆ, ಓಡಿದ ಗಂಟೆ, ಉದುರಿದ ಕಾಳು, ಮುರಿದ ಭಾಗ, ಮಾಡಿದ ಬದಲಾವಣೆ ಇಷ್ಟನ್ನು ಆಯಾ ಸಂಜೆಯೇ ಬರೆದಿಟ್ಟರೆ ಅದು ಎಂಜಿನಿಯರಿಗೆ ಪಾಠ, ಲೆಕ್ಕ ಪರಿಶೋಧಕರಿಗೆ ಆಧಾರ, ಪೇಟೆಂಟ್ ವ್ಯಾಜ್ಯದಲ್ಲಿ ಸಾಕ್ಷ್ಯ. ನಮ್ಮ ಸಣ್ಣ ಉದ್ಯಮಿಗಳ ಕೈಚಳಕಕ್ಕೆ ಕೊರತೆಯಿಲ್ಲ. ಕೊರತೆ ಇರುವುದು ಕಾಗದದಲ್ಲಿ. ಮುಂದಿನ ಸುಗ್ಗಿಗೆ ಮೊದಲು ಅದನ್ನು ತುಂಬಿಕೊಳ್ಳೋಣ.